ನನ್ನೊಳಗಿನ ನಾನೊಬ್ಬನೇ

ಮೊದಲು ವಾದ್ಯ, ಆಮೇಲೆ ಮಾತು. ಎಡವಟ್ಟಾದದ್ದು ಅಲ್ಲೇ.

ಬೀದಿಯ ತಿರುವಿನಲ್ಲಿ ಕನ್ನಡಕದಂಗಡಿ ಇಟ್ಟುಕೊಂಡಿದ್ದ ಅವನನ್ನು ಎಲ್ಲರೂ ‘ಚಾಳೀಸು’ ಎಂದೇ ಕರೆಯುತ್ತಿದ್ದರು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹಾಡು ಕಟ್ಟುತ್ತಿದ್ದ. ಹೀಗೆ ವರ್ಷಗಟ್ಟಲೆ ತನ್ನ ಮನಸ್ಸನ್ನು ತಾನೇ ಕೆದಕಿ ಕೆದಕಿ ತೆಗೆದ ಹಾಡುಗಳ ಆಲ್ಬಂ ಕೊನೆಗೂ ಸಿದ್ಧವಾಗಿತ್ತು. ಹೆಸರು ‘ನನ್ನೊಳಗಿನ ನಾನು’.

ಒಬ್ಬನ ಮನಸ್ಸಿನ ಮಾತಾದರೇನು, ಹಿಂದೆ ಇಡೀ ವಾದ್ಯವೃಂದವೇ ಮೊಳಗಬೇಕು ಎಂಬುದು ಅವನ ಹಟ. ಬೀದಿಯಲ್ಲಿ ವಾದ್ಯ ಬಲ್ಲವರನ್ನೆಲ್ಲ ಹಿಡಿದು ತಂದ. ಟೈಲರ್‌ದು ಪಿಟೀಲು, ಹಲ್ಲಿನ ಡಾಕ್ಟರದು ಟ್ರಂಪೆಟ್, ಮೇಲಿನ ಮನೆಯ ನಿವೃತ್ತ ಹೆಡ್‌ಮೇಡಂದು ಕೊಳಲು, ಭಾಮೈದನದು ಡ್ರಮ್, ಹೆಂಡತಿಯದು ಪಿಯಾನೊ. ಎಲ್ಲರಿಗೂ ಬರೀ ರಾಗ ಕೊಟ್ಟು ನುಡಿಸಿ ರೆಕಾರ್ಡ್ ಮಾಡಿಕೊಂಡ. ಆಮೇಲೆ ಬಾಗಿಲು ಮುಚ್ಚಿಕೊಂಡು ಅದರ ಮೇಲೆ ತಾನೊಬ್ಬನೇ ಹಾಡಿದ. ಹಾಗಾಗಿ ಹಾಡಿನ ಮಾತುಗಳು ಯಾರ ಕಿವಿಗೂ ಬಿದ್ದಿರಲಿಲ್ಲ.

ಅವತ್ತು ಬೆಳಿಗ್ಗೆ ಬಿದ್ದವು. ಸಂಜೆ ಲೈಬ್ರರಿಯ ಸಭಾಂಗಣದಲ್ಲಿ ಬಿಡುಗಡೆ, ಅಲ್ಲಿ ಎಲ್ಲರೂ ವೇದಿಕೆಯ ಮೇಲೆ ಮತ್ತೆ ನುಡಿಸಬೇಕು. ಬೆಳಿಗ್ಗೆಯೇ ಹಾಡುಗಳನ್ನು ಎಲ್ಲರ ಫೋನಿಗೆ ಕಳಿಸಿ, ಮೆಚ್ಚುಗೆ ಯಾವ ಕಡೆಯಿಂದ ಮೊದಲು ಬರುತ್ತದೋ ಎಂದು ಚಾಳೀಸು ಚಹಾ ಹೀರುತ್ತಾ ಕೂತಿದ್ದ.

ಬಂದವನು ಭಾಮೈದ. ಎರಡು ದಿನಕ್ಕೆಂದು ಬಂದು ಅಲ್ಲೇ ಝಂಡಾ ಊರಿದವನು. ಹೆಗಲಿಗೆ ಬಟ್ಟೆಯ ಬ್ಯಾಗು ಏರಿಸಿದ್ದ.

“ಹೊರಟೆ ಭಾವಾ.”

“ಎಲ್ಲಿಗೋ? ಸಂಜೆ ಪ್ರೋಗ್ರಾಮು!”

“ಬಾಯಲ್ಲಿ ಹೇಳಿದ್ರೆ ಹೋಗ್ತಿದ್ನಲ್ಲ ಭಾವಾ. ಹಾಡು ಮಾಡಿ ಹೇಳ್ಬೇಕಿತ್ತಾ? ‘ಕರೆಯದೆ ಬಂದವನು ಹೋಗಲೇ ಒಲ್ಲ...’ ಅದಕ್ಕೆ ನನ್ನ ಕೈಲೇ ಡ್ರಮ್ ಬೇರೆ ಹೊಡೆಸಿದ್ದೀರಿ!”

“ಅಯ್ಯೋ, ಬಂದವನು ಅಂದ್ರೆ ನೀನಲ್ಲ ಮಾರಾಯ, ದುಃಖ! ನನ್ನ ಮನಸ್ಸಿಗೆ ಬಂದ ದುಃಖ!”

“ನಾನು ದುಃಖಾನಾ?” ಭಾಮೈದನ ಕಣ್ಣು ತುಂಬಿಕೊಂಡಿತು. “ಆ ಸಾಲು ತೆಗೀರಿ, ಇರ್ತೀನಿ.”

“ಒಂದಕ್ಷರ ತೆಗೆಯಲ್ಲ,” ಎಂದ ಚಾಳೀಸು, ಲೋಟ ಕುಕ್ಕಿ. ಚಹಾ ಅಂಗಿಯ ಮೇಲೆ ಚೆಲ್ಲಿತು. ಅವನು ಅದನ್ನೂ ಲೆಕ್ಕಿಸಲಿಲ್ಲ.

ಅಂಗಡಿ ಬಾಗಿಲು ತೆರೆದರೆ ಎದುರಿಗೇ ಟೈಲರ್, ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ಬುಸುಗುಡುತ್ತಿದ್ದ. ಕುತ್ತಿಗೆಗೆ ಟೇಪು, ಕೈಯಲ್ಲಿ ಫೋನು.

“‘ಎಷ್ಟು ಹೊಲಿದರೂ ಬಿಚ್ಚಿಕೊಳ್ಳುತಿದೆ’ ಅಂದ್ರೇನು ಸ್ವಾಮಿ? ನಾನು ಹೊಲಿದ ಯಾವ ಬಟ್ಟೆ ಬಿಚ್ಕೊಂಡಿದೆ, ತೋರಿಸಿ!”

“ಮನಸ್ಸು ಅಂತ ಇದೆ ನೋಡಪ್ಪಾ ಕೊನೇಲಿ. ಬಿಚ್ಚಿಕೊಳ್ಳೋದು ನನ್ನ ಮನಸ್ಸು.”

“ಗಿರಾಕಿಗಳು ಕೊನೇವರೆಗೆ ಕೇಳ್ತಾರಾ? ಹೊಲಿಗೆ ಅಂದ ತಕ್ಷಣ ನನ್ನಂಗಡಿ ಕಡೆ ನೋಡ್ತಾರೆ. ಬೀದೀಲಿ ಬೇರೆ ಟೈಲರ್ ಎಲ್ಲಿದ್ದಾನೆ? ‘ಹೊಲಿದರೂ’ ಅನ್ನೋದನ್ನ ‘ತೊಳೆದರೂ’ ಅಂತ ಮಾಡಿ.”

“ಆಗ ಲಾಂಡ್ರಿಯವನು ಬರ್ತಾನೆ!”

“ಬರಲಿ. ಅವನು ಪಿಟೀಲು ಬಾರಿಸ್ತಾನಾ? ಇಲ್ಲವಲ್ಲ!”

ಚಾಳೀಸು ಒಪ್ಪಲಿಲ್ಲ. ಟೈಲರ್ ಹೋದದ್ದೇ ಹೆಡ್‌ಮೇಡಂ ಕೋಲೂರಿಕೊಂಡು ಬಂದರು. ಅವರ ಎದುರು ಇಂದಿಗೂ ಅವನಿಗೆ ಕೈಕಟ್ಟಿ ನಿಲ್ಲುವ ಹಾಗಾಗುತ್ತಿತ್ತು.

“‘ತಲೆಯ ಮೇಲೆ ಯಾರದೋ ನಡಿಗೆ, ನಿದ್ದೆ ಬಾರದು ನನಗೆ’,” ಎಂದು ಅವರು ಹಾಜರಿ ಕೂಗುವ ದನಿಯಲ್ಲಿ ಓದಿದರು. “ನಿನ್ನ ತಲೆ ಮೇಲಿನ ಮನೇಲಿ ಯಾರಪ್ಪ ಇರೋದು?”

“ನೀವೇ ಮೇಡಂ. ಆದ್ರೆ ಅದು ನನ್ನ ಚಿಂತೆಯ ನಡಿಗೆ.”

“ಮಂಡಿನೋವು, ರಾತ್ರಿ ಎದ್ದು ನಾಲ್ಕು ಹೆಜ್ಜೆ ಓಡಾಡ್ತೀನಿ. ಅದನ್ನ ರಾಗ ಹಾಕಿ ಊರಿಗೆಲ್ಲ ಸಾರಬೇಕಾ? ತಿದ್ದು.”

“ತಿದ್ದಲ್ಲ ಮೇಡಂ.” ಕೈ ಕಟ್ಟಿಕೊಂಡೇ ಹೇಳಿದ, ಆದರೆ ಹೇಳಿದ.

ಹಲ್ಲಿನ ಡಾಕ್ಟರು ತಾವಾಗಿ ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ಟ್ರಂಪೆಟ್ ಇಲ್ಲದೆ ಸಂಜೆಯ ಕಾರ್ಯಕ್ರಮ ಮೇಲೇಳುವುದಿಲ್ಲ. ಚಾಳೀಸು ಅಂಗಡಿಗೆ ಬೀಗ ಜಡಿದು ದವಾಖಾನೆಗೆ ಓಡಿದ. ಅಲ್ಲಿ ಖಾಲಿ ಇದ್ದದ್ದು ರೋಗಿಯ ಕುರ್ಚಿಯೊಂದೇ. ಕೂತ. ಡಾಕ್ಟರು ಕೋಪದಲ್ಲಿದ್ದರೂ ಕಾಲು ತನ್ನ ಪಾಡಿಗೆ ಪೆಡಲ್ ಒತ್ತಿತು. ಕುರ್ಚಿ ಹಿಂದಕ್ಕೆ ಮಲಗಿತು.

“ಡಾಕ್ಟ್ರೇ, ಆ ಹಾಡು...” ಎಂದು ಬಾಯಿ ತೆರೆದದ್ದೇ ತಡ, ಒಳಗೆ ಕನ್ನಡಿ, ಎರಡೂ ಕೆನ್ನೆಗೆ ಹತ್ತಿ.

“‘ತುಟಿಯ ಮೇಲಿನ ನಗುವೇ ನಕಲಿ, ಒಳಗೆ ಕೊಳೆತಿದೆ ಬೇರು’. ನಾನು ಕಟ್ಟಿದ ಹಲ್ಲಿಗೆ ಈ ಮಾತಾ? ನಿಮ್ಮ ಅತ್ತೆಗೆ ಇಡೀ ಸೆಟ್ಟು ಕಟ್ಟಿಕೊಟ್ಟವನು ನಾನು! ಆ ಸಾಲು ಬದಲಾಯಿಸ್ತೀರೋ ಇಲ್ವೋ?”

“ಆಆಆ,” ಎಂದ ಚಾಳೀಸು.

“ಬದಲಾಯಿಸ್ತೀರಿ. ಸಂತೋಷ.”

ಚಾಳೀಸು ಹತ್ತಿಯನ್ನೆಲ್ಲ ಥೂ ಎಂದು ಉಗುಳಿ ಎದ್ದು ಕೂತ. “ಆಗಲ್ಲ ಅಂದೆ! ಆ ನಕಲಿ ನಗು ನಂದು ಸ್ವಾಮಿ! ಬೆಳಗಿಂದ ಸಂಜೆವರೆಗೆ ಅಂಗಡೀಲಿ ನಗ್ತೀನಲ್ಲ, ಅದು! ನೀವೆಲ್ಲ ಸೇರಿ ನನ್ನ ಕುರ್ಚಿ ಸಮೇತ ಮಗುಚಿದರೂ ಸರಿ, ಬಾಯಿ ಹೊಲಿದರೂ ಸರಿ, ಒಂದಕ್ಷರ ಬದಲಾಗಲ್ಲ!”

ಹೊರಗೆ ಕಾಯುತ್ತಿದ್ದ ರೋಗಿಗಳಲ್ಲಿ ಇಬ್ಬರು ಮೆಲ್ಲನೆ ಎದ್ದು ಮನೆಗೆ ಹೋದರು.

ಸಂಜೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ವಾದ್ಯವೃಂದವೂ ಕೂತಿತ್ತು, ಆದರೆ ವಾದ್ಯಗಳು ಪೆಟ್ಟಿಗೆಯಿಂದ ಹೊರಬಂದಿರಲಿಲ್ಲ. ಎಲ್ಲರೂ ಕೈಕಟ್ಟಿ, ಮದುವೆಗೆ ಕರೆಯದ ನೆಂಟರ ಹಾಗೆ ಮುಖ ಮಾಡಿದ್ದರು. ಪಿಯಾನೊ ಮುಂದೆ ಹೆಂಡತಿ ಮಾತ್ರ ಏನೋ ಯೋಚಿಸುತ್ತಾ ಕೂತಿದ್ದಳು.

ಚಾಳೀಸು ಮೈಕು ಹಿಡಿದ.

“ಬೆಳಗಿಂದ ನಿಮ್ಮನ್ನೆಲ್ಲ ನೋಡಿ ಸಾಕಾಗಿದೆ. ಜೀವನದಲ್ಲಿ ಒಂದೇ ಒಂದು ಸಲ ನನ್ನ ಒಳಗೆ ಏನಿದೆ ಅಂತ ಇಣುಕಿ ನೋಡಿದೆ. ಅಲ್ಲಿ ದುಃಖ ಇತ್ತು, ಭಯ ಇತ್ತು, ಸುಳ್ಳು ಇತ್ತು. ಇದ್ದದ್ದನ್ನ ಇದ್ದ ಹಾಗೆ ಹಾಡಿದೆ. ಆ ಹಾಡುಗಳಲ್ಲಿ ನೀವ್ಯಾರೂ ಇಲ್ಲ. ನನ್ನಾಣೆಗೂ ಇಲ್ಲ. ಪ್ರತಿ ಪದವೂ ನನ್ನ ಬಗ್ಗೇನೇ!”

ಗೆದ್ದೆ ಎಂದುಕೊಂಡ. ಅಷ್ಟರಲ್ಲಿ ಹೆಡ್‌ಮೇಡಂ ದನಿ ಕೇಳಿತು.

“ಅಂದ್ರೆ... ನಾನು ಇಲ್ಲವೇ ಇಲ್ವಾ?”

“ಇಲ್ಲ ಮೇಡಂ.”

“ಇಷ್ಟು ವರ್ಷ ನಿನ್ನ ತಲೆ ಮೇಲೇ ಇದ್ದೀನಿ. ಒಂದು ಸಾಲಿಗೂ ಬೇಡವಾದೆನಾ?”

“ನನ್ನ ಬಗ್ಗೆ ಹಾಡು ಇದೆ ಅಂತ ಬೀಗರನ್ನೆಲ್ಲ ಕರ್ಕೊಂಡು ಬಂದಿದ್ದೀನಿ,” ಎಂದ ಟೈಲರ್, ಮೂರನೇ ಸಾಲಿನ ಕಡೆ ದೀನನಾಗಿ ನೋಡುತ್ತಾ. “ಈಗ ಅವರಿಗೇನು ಹೇಳ್ಲಿ?”

“ದುಃಖಾನಾದ್ರೂ ಆಗಿದ್ದೆ,” ಎಂದು ಭಾಮೈದ ಮೂಗು ಸೆಳೆದುಕೊಂಡ. “ಈಗ ಅದೂ ಇಲ್ಲ.”

ಡಾಕ್ಟರು ಟ್ರಂಪೆಟ್ ಪೆಟ್ಟಿಗೆ ಎತ್ತಿಕೊಂಡರು. ಉಳಿದವರೂ ಎದ್ದರು.

“ಹೋಗಿ!” ಎಂದು ಕೂಗಿದ ಚಾಳೀಸು. “ಎಲ್ಲರೂ ಹೋಗಿ! ಒಬ್ಬನೇ ಬಂದೆ, ಒಬ್ಬನೇ ಹಾಡ್ತೀನಿ!” ಹೆಂಡತಿಯ ಕಡೆ ತಿರುಗಿದ. “ನೀನಾದ್ರೂ ಇದ್ದೀಯಲ್ಲ. ‘ನೀನಿಲ್ಲದ ಮನೆ’ಯಿಂದ ಶುರು ಮಾಡೋಣ.”

ಅವಳು ಬೆರಳನ್ನು ಪಿಯಾನೊ ಮೇಲಿಡಲಿಲ್ಲ. “ರೀ, ಒಂದು ಮಾತು. ಅದರಲ್ಲಿ ಬರೋ ‘ನೀನು’ ಯಾರು?”

“ಅಂದ್ರೆ?”

“ಪ್ರತಿ ಪದವೂ ನನ್ನ ಬಗ್ಗೆ ಅಂತ ಈಗ ತಾನೇ ಆಣೆ ಹಾಕಿದ್ರಿ. ‘ನೀನು’ ಅಂದ್ರೂ ನೀವೇನಾ?”

ಬಾಗಿಲ ತನಕ ಹೋಗಿದ್ದ ವಾದ್ಯವೃಂದ ನಿಂತು ಕಿವಿ ನಿಮಿರಿಸಿತು. ಇಡೀ ದಿನ ಬಂಡೆಯ ಹಾಗೆ ನಿಂತಿದ್ದ ಚಾಳೀಸು ಹೆಂಡತಿಯ ಮುಖ ನೋಡಿದ. ಅವಳ ಕಣ್ಣಂಚು ಒದ್ದೆಯಾಗಿತ್ತು.

“ಅದು... ಅದೊಂದು ಮಾತ್ರ ನಿನ್ನ ಬಗ್ಗೆ ಕಣೇ. ನಿಜವಾಗ್ಲೂ.”

“ನೋಡಿದ್ರಾ!” ಎಂದು ಬಾಗಿಲಿನಿಂದ ಟೈಲರ್ ಕಿರುಚಿದ. “ಹಾಗಾದ್ರೆ ಆಣೆ ಸುಳ್ಳು! ಆ ಹೊಲಿಗೆ ನಂದೇ!”

“ನಡಿಗೆ ನಂದು,” ಎಂದರು ಹೆಡ್‌ಮೇಡಂ, ಕೋಲನ್ನೂ ಮರೆತು ವೇದಿಕೆ ಹತ್ತುತ್ತಾ.

ಆ ಸಂಜೆ ವಾದ್ಯವೃಂದ ಹಿಂದೆಂದೂ ನುಡಿಸದ ಹಾಗೆ ನುಡಿಸಿತು. ‘ಹೊಲಿದರೂ’ ಎಂಬಲ್ಲಿ ಟೈಲರ್ ಎದ್ದು ನಿಂತು ಬೀಗರಿಗೆ ಕೈ ಮುಗಿದ. ‘ನಕಲಿ’ ಎಂಬಲ್ಲಿ ಡಾಕ್ಟರು ಟ್ರಂಪೆಟ್ ಎತ್ತಿ ಎಲ್ಲ ಹಲ್ಲೂ ತೋರಿಸಿದರು. ‘ಕರೆಯದೆ ಬಂದವನು’ ಎಂದಾಗ ಭಾಮೈದ ಮಂಚ ಮುರಿದ ಹಾಗೆ ಡ್ರಮ್ ಬಡಿದು ಸಭೆಗೆ ಕೈ ಬೀಸಿದ. ನಡುವೆ ನಿಂತ ಚಾಳೀಸು ಕತ್ತಿನ ನರ ಉಬ್ಬಿಸಿ, ಎದೆ ಬಡಿದುಕೊಂಡು “ನಾನು, ನಾನು” ಎಂದು ಹಾಡಿದ. ಯಾರೂ ಅವನ ಕಡೆ ನೋಡಲಿಲ್ಲ.

ಮುಗಿದಾಗ ಚಪ್ಪಾಳೆಗೆ ಗೋಡೆ ಅದುರಿತು. ಜನ ಟೈಲರನ್ನೂ ಡಾಕ್ಟರನ್ನೂ ಮುತ್ತಿಕೊಂಡರು. ಲೈಬ್ರೇರಿಯನ್ ಒಬ್ಬರೇ ಕಣ್ಣೊರೆಸುತ್ತಾ ಚಾಳೀಸಿನ ಬಳಿ ಬಂದರು.

“ಎಂಥ ದೊಡ್ಡ ಮನಸ್ಸು ಸಾರ್ ನಿಮ್ಮದು! ಸುತ್ತಮುತ್ತಲಿನವರನ್ನೆಲ್ಲ ಹಾಡಲ್ಲಿ ತಂದುಬಿಟ್ರಿ. ಒಂದೇ ಕೊರತೆ.”

“ಏನದು?”

“ನಿಮ್ಮ ಬಗ್ಗೇನೂ ಒಂದು ಹಾಡು ಇರಬೇಕಿತ್ತು.”

ಚಾಳೀಸು ಎದೆ ಸೆಟೆದು ನಿಂತ. “ಬರೀತೀನಿ! ನಾಳೆಯಿಂದಲೇ ಶುರು. ಮುಂದಿನ ಆಲ್ಬಂ ಪೂರ್ತಿ ನನ್ನ ಬಗ್ಗೆ. ಒಂದಕ್ಷರ ಇನ್ನೊಬ್ಬರಿಗೆ ಬಿಟ್ಟುಕೊಡಲ್ಲ!”

ಹಿಂದೆ ಪಿಟೀಲನ್ನು ಪೆಟ್ಟಿಗೆಯಲ್ಲಿಡುತ್ತಿದ್ದ ಟೈಲರ್ ಖುಷಿಯಿಂದ ಕತ್ತೆತ್ತಿದ.

“ಕೇಳಿದ್ರಾ ಡಾಕ್ಟ್ರೇ? ಮತ್ತೆ ನಮ್ಮ ಬಗ್ಗೇನೇ ಬರೀತಾರಂತೆ!”