ಎಳ್ಳು ತಿನ್ನದ ಬಾಯಿ

ಗುಲಾಮ್ ನಬಿಯ ಮುಂದಿನ ಹಲ್ಲು ಮುರಿದದ್ದು ಗುಬ್ಬಿಯ ಕೊಬ್ಬರಿಯಿಂದ. ಮಹಡಿ ಮನೆಯ ಚಿಕ್ಕಗಂಗಮ್ಮ ತಮ್ಮ ತೋಟದ್ದೆಂದು ಪ್ರೀತಿಯಿಂದ ಕೊಟ್ಟದ್ದನ್ನು ಕಚ್ಚಿದ್ದೇ ತಡ, ಕೊಬ್ಬರಿ ಇದ್ದ ಹಾಗೇ ಇತ್ತು, ಹಲ್ಲು ಇರಲಿಲ್ಲ.

ಹಲ್ಲು ಹೋದದ್ದಕ್ಕೆ ನಬಿ ಅಳಲಿಲ್ಲ, ಮಾತು ಹೋದದ್ದಕ್ಕೆ ಅತ್ತ. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ಮಿಷನ್ನಿನ ಸದ್ದನ್ನೂ ಮೀರಿಸಿ ಪಳಗಿದ ಗಂಟಲು ಅದು. ಬಟವಾಡಿಯ ಆ ಬೀದಿಯ ಪರವಾಗಿ ಅಧಿಕಾರಿಗಳೆದುರು ಬಾಯಿ ಬಿಡುವವನು ಅವನೊಬ್ಬನೇ. ಚರಂಡಿ ಕಟ್ಟಿಕೊಂಡು ತಿಂಗಳುಗಳೇ ಆಗಿದ್ದವು. ಗಲೀಜು ನೀರು ಬಾಡಿಗೆ ಕೊಡದ ಬಾಡಿಗೆದಾರನಂತೆ ಮನೆಮನೆಯೊಳಗೆ ಬಂದು ಕೂತಿತ್ತು. ಹೋದ ವಾರ ಪಾಲಿಕೆಯ ಇಂಜಿನಿಯರ್ ಗೋವಿಂದರಾಜು ಬಂದಾಗ ನಬಿ ಎದೆಯುಬ್ಬಿಸಿ, "ಸ್ವಾಮೀ, ಸಹನೆಗೂ ಒಂದು ಸೀಮೆ ಇದೆ" ಎಂದು ಶುರು ಮಾಡಿದ. ಹಲ್ಲಿನ ಸಂದಿಯಿಂದ ಕುಕ್ಕರಿನ ಸೀಟಿ ಹೊರಟಿತು. ಬೀದಿಗೆ ಬೀದಿಯೇ ನಕ್ಕಿತು. ಇಂಜಿನಿಯರ್ ಸಾಹೇಬರೂ ನಕ್ಕು ಜೀಪು ಹತ್ತಿದರು.

ಮತ್ತೆ ಬರುತ್ತೇನೆಂದು ಅವರೇ ಗೊತ್ತು ಮಾಡಿದ ದಿನ ಸಂಕ್ರಾಂತಿ ಹಬ್ಬದ ಸಾಯಂಕಾಲ. ಯಾಕೆ ಆ ದಿನವೇ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಬೀದಿ ಮೂಲೆಯ ಹಲ್ಲಿನ ಡಾಕ್ಟರ್ ರೇಣುಕಾಪ್ರಸಾದ್ ತಾತ್ಕಾಲಿಕವಾಗಿ ಒಂದು ಕ್ಯಾಪ್ ಕೂರಿಸಿದರು. "ಇದು ಬರೀ ಅಂಟಲ್ಲಿ ನಿಂತಿರೋದು ಸಾಬ್ರೇ. ಹಬ್ಬದ ಮಾರ್ನೇ ದಿನ ಬನ್ನಿ, ಪರ್ಮನೆಂಟ್ ಹಾಕ್ತೀನಿ. ಅಲ್ಲೀವರ್ಗೂ ಸಿಹಿ ಪೊಂಗಲ್ ತಿನ್ನಿ, ತಿಂದ್ಮೇಲೆ ಬಾಯಿ ಮುಕ್ಕಳ್ಸಿ. ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ಕಡೆ ತಿರುಗೂ ನೋಡ್ಬೇಡಿ."

"ಚರಂಡಿ ಕ್ಲೀನ್ ಆಗೋವರ್ಗೂ ಈ ಬಾಯೊಳಗೆ ಒಂದ್ ಎಳ್ಳು ಕಾಳೂ ಹೋಗಲ್ಲ ಡಾಕ್ಟ್ರೇ!" ಕ್ಲಿನಿಕ್ಕಿನ ಹೊಳೆಯುವ ಗ್ರಾನೈಟ್ ಮೆಟ್ಟಿಲ ಮೇಲೆ ನಿಂತು ನಬಿ ಶಪಥ ಮಾಡಿದ.

ಹಬ್ಬದ ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆ ಹಿಡಿದು ಚಿಕ್ಕಗಂಗಮ್ಮ ನಿಂತಿದ್ದರು.

"ತಗಳಿ ಸಾಬ್ರೇ, ಬಾಯಿಗಾಕ್ಕಳಿ."

"ಗಂಗಮ್ಮಕ್ಕ, ಹಲ್ಲು..."

"ಹಲ್ಲಿನ್ ಸುದ್ದಿ ಎತ್ಬೇಡಿ! ನಮ್ ಕೊಬ್ರಿ ತಿಂದು ಮುರೀತು ಅಂತ ಊರ್ ತುಂಬಾ ಹೇಳ್ಕಂಡ್ ಬಂದಿದೀರ. ನಮ್ ತೋಟದ ಮರ್ವಾದೆ ಏನಾಗ್ಬೇಕು? ಈಗ ತಿಂದು ತೋರ್ಸಿ."

ನಬಿ ಒಂದು ಹಿಡಿ ಎಳ್ಳು-ಬೆಲ್ಲ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಜುಬ್ಬಾದ ಜೇಬಿಗೆ ಸುರಿದು, ಬರೀ ಗಾಳಿಯನ್ನು ಎಮ್ಮೆಯಂತೆ ಅಗಿದ. "ಅಬ್ಬಬ್ಬಾ, ಏನ್ ರುಚಿ!"

ಹಿಂದೆಯೇ ಹಬ್ಬಕ್ಕೆ ಕುಣಿಗಲ್‌ನಿಂದ ಬಂದಿದ್ದ ಗಂಗಮ್ಮನ ಮಗಳು ಸಂಧ್ಯಾ ಇನ್ನೊಂದು ತಟ್ಟೆ ತಂದಳು. ಎದುರು ಮನೆಯವರು, ಪಕ್ಕದ ಮನೆಯವರು, ಯಾರೂ ಬಿಡಲಿಲ್ಲ. ನಬಿ ಅಗಿದದ್ದೇ ಅಗಿದದ್ದು. ಮಧ್ಯಾಹ್ನದ ಹೊತ್ತಿಗೆ ಜೇಬು ಬಸುರಿಯ ಹೊಟ್ಟೆಯಂತಾಯಿತು.

"ಅಜೀ, ಒಂದ್ ಚೂರು ತಿಂದ್ರೆ ಏನ್ ಗಂಟು ಹೋಗುತ್ತೆ?" ಎಂದಳು ಹೆಂಡತಿ ಬೀಬಿಜಾನ್.

"ಹಲ್ಲು ಹೋಗುತ್ತೆ. ಹಲ್ಲು ಹೋದ್ರೆ ಮಾತು ಹೋಗುತ್ತೆ. ಆಮೇಲೆ ಆ ನೀರಲ್ಲೇ ಒಲೆ ಹಚ್ಚು!"

ಸಾಯಂಕಾಲ ಸಭೆಗೆ ಹೊರಟ ನಬಿಯ ಹಿಂದೆ ಬೀದಿಯ ಕೋಳಿಗಳೆಲ್ಲ ಮೆರವಣಿಗೆ ಹೊರಟವು. ಜೇಬಿನ ಹೊಲಿಗೆ ಬಿಟ್ಟು ದಾರಿಯುದ್ದಕ್ಕೂ ಎಳ್ಳು ಸುರಿಯುತ್ತಿತ್ತು. ಮಹಡಿಯಿಂದ ಅದನ್ನು ನೋಡಿದ ಚಿಕ್ಕಗಂಗಮ್ಮ ಕೆಂಡವಾದರು.

"ನಾನ್ ಕೊಟ್ಟ ಎಳ್ಳ ಕೋಳಿಗಾಕ್ತಾವ್ನೆ! ನೋಡ್ರಪ್ಪೋ!"

ನಬಿ ಬಾಯಿ ಬಿಡಲಿಲ್ಲ. ಇರುವ ಅಂಟನ್ನೆಲ್ಲ ಇಂಜಿನಿಯರಿಗಾಗಿ ಉಳಿಸಿಕೊಳ್ಳಬೇಕಿತ್ತು.

ಗೋವಿಂದರಾಜು ಜೀಪಿನಿಂದ ಇಳಿದರು. ಕೈಯಲ್ಲಿ ಫೈಲಿರಲಿಲ್ಲ, ಎಳ್ಳು-ಬೆಲ್ಲದ ದೊಡ್ಡ ತಟ್ಟೆಯಿತ್ತು. ನಗುನಗುತ್ತಾ ಎಲ್ಲರಿಗೂ ಹಂಚಿದರು. ಹಬ್ಬದ ದಿನ ಬೇಡವೆನ್ನಲಾದೀತೇ? ಎಲ್ಲರೂ ತಿಂದರು. ತಿಂದಾದ ಮೇಲೆ ಸಾಹೇಬರು ಕೈ ಒರೆಸಿಕೊಂಡರು.

"ಎಳ್ಳು ತಿಂದಿದೀರಿ. ತಿಂದ ಬಾಯಲ್ಲಿ ಕೆಟ್ಟ ಮಾತು ಬರಬಾರ್ದು, ಸಂಪ್ರದಾಯ. ಈಗ ಚರಂಡಿ ಬಗ್ಗೆ ಏನ್ ಹೇಳ್ತೀರೋ ಹೇಳಿ."

ಬೀದಿ ಗರಬಡಿದಂತೆ ನಿಂತಿತು. ಬಯ್ಯಲೆಂದೇ ಮುಂದೆ ನಿಂತಿದ್ದವರೆಲ್ಲ ಬಾಯಲ್ಲಿದ್ದ ಬೆಲ್ಲ ನುಂಗಿ ಸುಮ್ಮನಾದರು. ಗಲೀಜು ನೀರಿನಲ್ಲಿ ನಿಲ್ಲಿಸಿದವನೇ ಬಾಯಿಗೆ ಸಿಹಿ ಹಾಕಿ ಬೀಗ ಜಡಿದಿದ್ದ.

"ನಾನ್ ತಿಂದಿಲ್ಲ!" ನಬಿ ಮುಂದೆ ಬಂದ.

"ಸುಳ್ಳು. ಬೀದೀಲಿ ಇಷ್ಟು ಮನೆ ಇದಾವೆ, ಬೆಳಗಿಂದ ತಿನ್ನದೇ ಇರ್ತೀರಾ?"

"ಅವ್ರು ತಿಂದಿಲ್ಲ ಕಣಯ್ಯಾ!" ಚಿಕ್ಕಗಂಗಮ್ಮನ ಸಿಟ್ಟು ಒಳ್ಳೆಯ ಹೊತ್ತಿಗೆ ಸಿಡಿಯಿತು. "ಒಂದ್ ಕಾಳೂ ತಿಂದಿಲ್ಲ. ನಾನೇ ಸಾಕ್ಷಿ, ಕೋಳಿಗಳೂ ಸಾಕ್ಷಿ!"

ನಬಿ ಶುರು ಮಾಡಿದ. ಸೀಟಿ ಇಲ್ಲ, ತಡವರಿಕೆ ಇಲ್ಲ. "ಸ್ವಾಮೀ, ಹಬ್ಬ ನಮ್ದು, ಗಲೀಜೂ ನಮ್ದಾ? ತೆರಿಗೆ ಕೇಳಕ್ಕೆ ಬರುವಾಗ ಎಳ್ಳು ತರಲ್ವಲ್ಲ ನೀವು! ಚರಂಡಿ ಮೇಲೆ ಯಾರೋ ಒತ್ತುವರಿ ಮಾಡಿ ಕಟ್ಕೊಂಡಿರೋದೇ ಕಾರಣ ಅಂತ ನಿಮಗೂ ಗೊತ್ತು. ಯಾರ್ದೇ ಆಗ್ಲಿ, ಎಷ್ಟೇ ದೊಡ್ಡವ್ರದಾಗ್ಲಿ, ಒಡೀರಿ! ಈಗ್ಲೇ ಒಡೀರಿ! ಒಡೆಯೋವರ್ಗೂ ಜೀಪು ಕದಲಲ್ಲ!"

ಬೀದಿಯವರು ಮಾತಾಡಲಿಲ್ಲ, ಆದರೆ ಜೀಪಿನ ಸುತ್ತ ಕೂತರು. ಕೂರಬಾರದೆಂದು ಯಾವ ಸಂಪ್ರದಾಯವೂ ಇರಲಿಲ್ಲ. ಗೋವಿಂದರಾಜು ಬೆವರಿ ಫೋನು ಮಾಡಿದರು. ಹೈವೇ ಪಕ್ಕದಲ್ಲಿದ್ದ ಜೆಸಿಬಿ ಗುರುಗುಟ್ಟುತ್ತಾ ಬೀದಿಗೆ ತಿರುಗಿತು.

ಜೈಕಾರ ಮುಗಿಲು ಮುಟ್ಟಿತು. "ನನ್ನಪ್ಪ, ಗೆದ್ಬುಟ್ರಿ!" ಎಂದು ಓಡಿಬಂದ ಚಿಕ್ಕಗಂಗಮ್ಮ, ನಗಲು ತೆರೆದ ನಬಿಯ ಬಾಯಿಗೆ ದೊಡ್ಡದೊಂದು ಸಕ್ಕರೆ ಅಚ್ಚನ್ನು ತುರುಕಿಯೇಬಿಟ್ಟರು.

ಟಕ್.

ಕ್ಯಾಪ್ ಹಾರಿ ಚರಂಡಿಗೆ ಬಿತ್ತು. ನಬಿ ಎದೆಗುಂದಲಿಲ್ಲ. ಕೆಲಸ ಆಯಿತಲ್ಲ, ನಾಳೆ ಹೇಗೂ ಪರ್ಮನೆಂಟ್ ಹಲ್ಲು.

ಅಷ್ಟರಲ್ಲಿ ಬೀದಿ ಮೂಲೆಯಿಂದ ಧಡಾರೆಂಬ ಸದ್ದು ಬಂತು. ಓಡಿ ಹೋಗಿ ನೋಡಿದರೆ, ಜೆಸಿಬಿ ಮೊದಲು ಒಡೆದದ್ದೇ ಆ ಹೊಳೆಯುವ ಗ್ರಾನೈಟ್ ಮೆಟ್ಟಿಲು. ಅದರ ಕೆಳಗೇ ಇಡೀ ಬೀದಿಯ ಚರಂಡಿ ಉಸಿರು ಕಟ್ಟಿತ್ತು. ಈಗ ಆಳೆತ್ತರದ ಗುಂಡಿ. ಗುಂಡಿಯ ಆಚೆ ಕ್ಲಿನಿಕ್ಕಿನ ಬಾಗಿಲಲ್ಲಿ ಡಾಕ್ಟರ್ ರೇಣುಕಾಪ್ರಸಾದ್ ನಿಂತಿದ್ದರು.

"ಸಾರ್, ಸ್ಸ್ಸ್... ನಾಳೆ..." ನಬಿಯ ಸೀಟಿ ಗುಂಡಿಯೊಳಗೆಲ್ಲ ಮಾರ್ದನಿಸಿತು.

ಡಾಕ್ಟರು ಶಟರ್ ಎಳೆಯುತ್ತಾ ಹೇಳಿದರು: "ಭಾಷಣ ಚೆನ್ನಾಗಿತ್ತು ಸಾಬ್ರೇ, ಇಲ್ಲೀವರ್ಗೂ ಕೇಳಿಸ್ತು. ಇನ್ನು ಮೆಟ್ಟಿಲು ಕಟ್ಟಿಸ್ಕೊಂಡ್ಮೇಲೇ ಕ್ಲಿನಿಕ್ಕು. ಅಲ್ಲೀವರ್ಗೂ ಗಟ್ಟಿಯಾಗಿರೋದೇನೂ ತಿನ್ಬೇಡಿ."