ಮಾವನ ಹಾಡಿಗೆ ನನ್ನ ಹೂಂ

ಹೂಂ ಅನ್ನುವುದು ಸುಲಭದ ಕೆಲಸ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬುವುದಕ್ಕೆ ಕಾರಣಗಳೂ ಇದ್ದವು. ರಾಮನಗರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿ ಸೇರಿದಾಗಿನಿಂದ ನಾನು ಮಾಡಿಕೊಂಡು ಬಂದಿರುವುದು ಮುಖ್ಯವಾಗಿ ಅದನ್ನೇ. ಹೊಸ ಅಧ್ಯಕ್ಷರು ಬರುತ್ತಾರೆ, ಹಳೆಯ ಅಧ್ಯಕ್ಷರು ಹಾಕಿಸಿದ ಗಡಿಯಾರವನ್ನು ಎದುರು ಗೋಡೆಗೆ ಬದಲಾಯಿಸಬೇಕು ಅನ್ನುತ್ತಾರೆ, ನಾನು ಹೂಂ ಅನ್ನುತ್ತೇನೆ. ಮನೆಯಲ್ಲಿ ಹೆಂಡತಿ ಸುಜಾತ ಈ ಭಾನುವಾರ ಕೆಂಗಲ್ಲಿಗೆ ಹೋಗಿ ಆಂಜನೇಯನಿಗೆ ಕೈಮುಗಿದು ಬರೋಣ ಎಂದರೂ ಹೂಂ, ಈ ಬಿಸಿಲಲ್ಲಿ ಯಾರು ಹೋಗ್ತಾರೆ ಎಂದರೂ ಹೂಂ. ನನ್ನ ಸಂಸಾರ ಇಷ್ಟು ವರ್ಷ ಸಲೀಸಾಗಿ ನಡೆದಿರುವುದು ಈ ಒಂದು ವಿದ್ಯೆಯಿಂದ ಎಂದರೆ ತಪ್ಪಾಗಲಾರದು. ಇಂಥ ಅನುಭವಸ್ಥನನ್ನು ಹಿಡಿದು, ‘ನಿಮಗೆ ಹೂಂ ಅನ್ನೋಕೆ ಬರಾಕಿಲ್ಲ ಅಳಿಯಂದ್ರೆ’ ಎಂದು ನನ್ನ ಮಾವ ಹೇಳಿಬಿಟ್ಟರು. ಆ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲಿಯೇ ನಾಟಿತು.

ಮಾವನವರ ಪರಿಚಯ ಮಾಡಿಕೊಡಬೇಕು. ಹೆಸರು ಚಿಕ್ಕೀರಯ್ಯ. ಕೂಟಗಲ್ಲಿನ ಆಚೆ ಒಂದು ಸಣ್ಣ ಊರು, ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಕುರಿ ಕಾಯುತ್ತ ಕಾಯುತ್ತ ತಂಬೂರಿ ಹಿಡಿದು ದೊಡ್ಡ ದೊಡ್ಡ ಕತೆಗಳನ್ನು ಹಾಡುವುದು ಕಲಿತವರು. ಕ್ಯಾಸೆಟ್ಟಿನ ಕಾಲದಲ್ಲಿ ಅವರ ಧ್ವನಿ ಕೇಳದ ಟೀ ಅಂಗಡಿ ನಮ್ಮ ಕಡೆ ಇರಲಿಲ್ಲ. ಕನಕಪುರದಿಂದ ಮಾಗಡಿಯವರೆಗೆ ಬಸ್ಸಿನ ಡ್ರೈವರುಗಳು ಅವರ ಹಾಡು ಹಾಕಿಕೊಂಡೇ ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದರು. ಕ್ಯಾಸೆಟ್ ಹೋಯಿತು, ಸೀಡಿ ಬಂತು, ಸೀಡಿಯೂ ಹೋಯಿತು, ಮಾವ ಮಾತ್ರ ಉಳಿದರು. ಹೀಗೆ ಉಳಿದ ಮಾವನನ್ನು ಏನು ಮಾಡುವುದೆಂದು ತಿಳಿಯದ ಕ್ಯಾಸೆಟ್ ಕಂಪನಿಯವರು ಹಳೆಯ ಹಾಡುಗಳನ್ನೇ ತಿರುವಿ ಹಾಕಿ ಸಂಗ್ರಹಗಳನ್ನು ಬಿಡತೊಡಗಿದರು. ಮೊದಲು ‘ಚಿಕ್ಕೀರಯ್ಯ ಹಿಟ್ಸ್’ ಬಂತು. ಆಮೇಲೆ ಅವೇ ಹಾಡುಗಳು ‘ಚಿಕ್ಕೀರಯ್ಯ ಸೂಪರ್ ಹಿಟ್ಸ್’ ಆದವು. ಹಿಟ್ಟಿನ ಉಂಡೆಯನ್ನು ತಟ್ಟೆಯಲ್ಲಿ ಈ ಕಡೆಯಿಂದ ಆ ಕಡೆಗೆ ಹೊರಳಿಸಿ ಇನ್ನೊಂದು ಮುದ್ದೆ ಎಂದು ಬಡಿಸಿದ ಹಾಗೆ. ನಂತರ ‘ಕೊನೆಯ ಹಾಡುಗಳು’ ಎಂಬ ಆಲ್ಬಂ ಬಂತು. ಮಾವ ಆರೋಗ್ಯವಾಗಿಯೇ ಇದ್ದುದರಿಂದ ಮರುವರ್ಷ ‘ಕೊನೆಯ ಹಾಡುಗಳು, ಭಾಗ ಎರಡು’ ಕೂಡ ಬಂತು. ‘ಕೊನೇದು ಅಂದ್ರೆ ಒಸಿ ಗೌರವ ಜಾಸ್ತಿ ಕಣಪ್ಪ, ನಾನೂ ಬ್ಯಾಡ ಅನ್ನಲಿಲ್ಲ’ ಎಂದು ಮಾವ ಎಲೆಅಡಿಕೆ ಹಾಕಿಕೊಂಡರು.

ತೊಂದರೆ ಆದದ್ದು ‘ಅಮರ ಚಿಕ್ಕೀರಯ್ಯ’ ಎಂಬ ಸಂಗ್ರಹದಿಂದ. ಅದರ ಮೇಲ್ಹೊದಿಕೆಯಲ್ಲಿ ಮಾವನ ಫೋಟೋ, ಫೋಟೋದ ಸುತ್ತ ಹೂವಿನ ಅಂಚು, ಕೆಳಗೆ ಉರಿಯುವ ಒಂದು ದೀಪ. ಯಾರೋ ಅದನ್ನು ವಾಟ್ಸಾಪಿನಲ್ಲಿ ಹರಿಯಬಿಟ್ಟರು. ಬೆಳಗಾಗುವಷ್ಟರಲ್ಲಿ ಗುಡೇಮಾರನಹಳ್ಳಿಯ ಬೀಗರು ಹಾರ, ಊದುಬತ್ತಿ ಹಿಡಿದು ಬಂದಿಳಿದರು. ಹೆಂಗಸರು ಬೀದಿಯ ತಿರುವಿನಿಂದಲೇ ಅಳು ತೆಗೆದಿದ್ದರು. ಮಾವ ಹಟ್ಟಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದರು. ಬಾಯಲ್ಲಿ ನೊರೆ ಇದ್ದುದರಿಂದ ಅವರಿಗೆ ತಕ್ಷಣ ಏನೂ ಹೇಳಲಾಗದೆ ಕೈಸನ್ನೆ ಮಾಡಿದರು. ಅದನ್ನು ನೋಡಿ ಒಬ್ಬ ಮುದುಕಿ ಇನ್ನಷ್ಟು ಜೋರಾಗಿ ಅತ್ತಳು. ಕೊನೆಗೆ ತಂದ ಹಾರವನ್ನು ಹಾಳು ಮಾಡುವುದು ಯಾಕೆಂದು ಬೀಗರು ಅದನ್ನು ಮಾವನ ಕೊರಳಿಗೇ ಹಾಕಿ, ಕಾಫಿ ಕುಡಿದು, ಸನ್ಮಾನ ಮಾಡಿದೆವು ಎಂಬ ಸಮಾಧಾನದಿಂದ ಊರಿಗೆ ಹೋದರು.

ಇದು ನಗುವ ಸಂಗತಿ. ಮಾವನೂ ನಕ್ಕರು. ನಗದವರು ಒಬ್ಬರೇ, ನಮ್ಮ ಅತ್ತೆ ಪುಟ್ಟತಾಯಮ್ಮ. ಅವರು ಸುಜಾತಳ ಫೋನಿನಲ್ಲಿ ಆ ‘ಅಮರ’ ಸಂಗ್ರಹವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ‘ಇದ್ರಲ್ಲಿ ನಾನೆಲ್ಲಿ?’ ಎಂದು ಕೇಳಿದರು. ನಮ್ಮ ಕಡೆಯ ಕತೆಹಾಡಿನ ಒಂದು ಪದ್ಧತಿ ಗೊತ್ತಿಲ್ಲದವರಿಗೆ ಈ ಪ್ರಶ್ನೆ ಅರ್ಥವಾಗುವುದಿಲ್ಲ. ಹಾಡುಗಾರ ಒಂದು ನುಡಿ ಮುಗಿಸಿದ ಕೂಡಲೇ ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕು. ಕತೆ ತಲುಪಿತು, ಮುಂದೆ ಹೇಳು ಎಂದು ಅದರ ಅರ್ಥ. ಆ ಹೂಂನ ನೆರಳಲ್ಲಿ ಹಾಡುಗಾರ ಉಸಿರು ತೆಗೆದುಕೊಳ್ಳುತ್ತಾನೆ. ಹೂಂ ಅನ್ನುವವರು ತೂಕಡಿಸಿದರೆ ಕತೆಯೂ ಅಲ್ಲೇ ನಿಲ್ಲುತ್ತದೆ. ಮಾವ ಹಾಡಲು ಹೊರಟಂದಿನಿಂದ ಅವರಿಗೆ ಹೂಂ ಅಂದವರು ಅತ್ತೆ. ಹಳೆಯ ಕ್ಯಾಸೆಟ್ಟುಗಳಲ್ಲೆಲ್ಲ ಪ್ರತಿ ನುಡಿಯ ಹಿಂದೆ ಅವರ ಮೆಲುದನಿ ಇತ್ತು. ಕಂಪನಿಯವರು ಕಂಪ್ಯೂಟರಿನಲ್ಲಿ ಹಳೆಯ ಟೇಪಿನ ಗೊರಗೊರ ಸದ್ದು ತೊಳೆಯುವಾಗ ಅತ್ತೆಯನ್ನೂ ತೊಳೆದುಬಿಟ್ಟಿದ್ದರು. ‘ಸ್ವಚ್ಛ ಧ್ವನಿ’ ಎಂದು ಮೇಲೆ ಅಚ್ಚು ಹಾಕಿಸಿದ್ದರು ಬೇರೆ.

ಅತ್ತೆ ಜಗಳ ಆಡಲಿಲ್ಲ. ‘ನಂಗೂ ಹೂಂ ಅಂದು ಅಂದು ಸಾಕಾಗೈತೆ. ಒಂದಿನ ಊಹೂಂ ಅಂದು ನೋಡ್ತೀನಿ’ ಎಂದು ಹೇಳಿ ಕುರಿಗಳನ್ನು ಹೊಡೆದುಕೊಂಡು ಹೋದರು. ಬಹಳ ದಿನ ಹಾಡಿನ ತಂಟೆಗೆ ಅವರು ಬರಲಿಲ್ಲ.

ಮಾವನಿಗೆ ಒಂದೇ ಆಸೆ ಉಳಿದಿತ್ತು. ಅವರ ಗುರುವಿನಿಂದ ಬಂದ ಕೆಂಚಾಜಮ್ಮನ ಕತೆಯನ್ನು ಇಡಿಯಾಗಿ ಹಾಡಿ ಇಡಬೇಕು. ಕ್ಯಾಸೆಟ್ಟಿನವರು ಅದರಲ್ಲಿ ತುಂಡು ತುಂಡು ಮಾತ್ರ ತೆಗೆದುಕೊಂಡಿದ್ದರು. ಪೂರ್ತಿ ಕತೆ ಬಲ್ಲವರು ಈಗ ಮಾವ ಒಬ್ಬರೇ, ಅವರ ಉಸಿರು ಬರಬರುತ್ತ ಗಿಡ್ಡವಾಗುತ್ತಿತ್ತು. ಹಿಂದಿನ ಕೊನೆಯ ಆಲ್ಬಂಗಳೆಲ್ಲ ಕಂಪನಿಯ ಕೊನೆಗಳು, ಇದು ಮಾತ್ರ ನಿಜವಾದದ್ದು ಎಂದು ನನಗೂ ಒಳಗೊಳಗೇ ಅನ್ನಿಸಿ ಹೆದರಿಕೆಯಾಗುತ್ತಿತ್ತು. ಚನ್ನಪಟ್ಟಣದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕಿರಣ ಎಂಬಾತ ಸ್ಟುಡಿಯೋ ಇಟ್ಟಿದ್ದಾನೆ. ಒಳ್ಳೆಯವನು, ಮದುವೆ ವಿಡಿಯೋಗಳಿಗೆ ಹಾಡು ಕೂಡಿಸುವುದು ಅವನ ಕಸುಬು. ಮಾವನ ಕತೆಯನ್ನು ತಾನೇ ರೆಕಾರ್ಡ್ ಮಾಡುತ್ತೇನೆಂದು ಮುಂದೆ ಬಂದ. ಮಾವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದ. ಮಾವ ಒಂದು ನುಡಿ ಹಾಡಿ ನಿಂತರು. ನಿಂತೇ ಇದ್ದರು. ಮರೆತಿರಬೇಕೆಂದು ಕಿರಣ ಕಾದ. ಆಮೇಲೆ ಕೇಳಿದ, ‘ಯಾಕಜ್ಜ, ಮುಂದುಕ್ಕೆ?’

‘ಹೂಂ ಅನ್ನೋರು ಯಾರವ್ರೆ ಇಲ್ಲಿ? ಈ ಗಾಜಿಗೆ ಹೇಳ್ಲಾ ಕತೆಯಾ?’

ಕಿರಣ ತಾನೇ ಆ ಕೆಲಸ ಮಾಡುತ್ತೇನೆಂದ. ಆದರೆ ಅವನ ಬಾಯಿಗೆ ಅಭ್ಯಾಸವಾಗಿರುವುದು ಬೇರೆ. ಕೆಂಚಾಜಮ್ಮ ಹುಟ್ಟಿದಳು ಎಂದರೆ ಓಕೆ, ಅವಳ ತಾಯಿ ತೀರಿಕೊಂಡಳು ಎಂದರೂ ಓಕೆ. ಮಾವ ಹೆಡ್‌ಫೋನ್ ಕಿತ್ತಿಟ್ಟು ಕೆಳಗಿನ ಬೇಕರಿಗೆ ಹೋಗಿ ಬನ್ನು ತಿಂದುಕೊಂಡು ಕುಳಿತರು. ಆಗ ನನಗೆ ಫೋನ್ ಬಂತು.

ನಾನು ಹೋದೆ, ಹೆಮ್ಮೆಯಿಂದಲೇ ಹೋದೆ. ಗಾಜಿನ ಕೋಣೆಯಲ್ಲಿ ಮಾವನ ಎದುರು ಕುಳಿತು ಹೂಂ ಅನ್ನತೊಡಗಿದೆ. ಒಂದಿಷ್ಟು ಹೊತ್ತಿಗೆ ಮಾವ ತಂಬೂರಿ ಕೆಳಗಿಟ್ಟರು. ನಾನು ಅವಸರದ ಮನುಷ್ಯನಂತೆ. ನುಡಿ ಮುಗಿಯುವ ಮೊದಲೇ ಹೂಂ ಅನ್ನುತ್ತೇನಂತೆ, ಕಚೇರಿಯಲ್ಲಿ ಸಾಹೇಬರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡ ಹಾಗೆ. ನಿಧಾನ ಮಾಡಿದೆ. ಈಗ ನಿದ್ದೆಯಲ್ಲಿ ಅಂದ ಹಾಗಿದೆಯಂತೆ. ಗಂಟಲು ಸರಿಮಾಡಿಕೊಂಡು ಭಾವ ತುಂಬಿ ಅಂದೆ. ‘ಹೊಟ್ಟೆನೋವು ಬಂದಂಗೈತೆ’ ಎಂದರು. ಕೊನೆಗೆ ಅವರು ಸೋತು, ನಾನು ಮೊದಲಲ್ಲೇ ತಿಳಿಸಿದ ಆ ಮಾತನ್ನು ಆಡಿದರು. ಆದರೂ ಬೇರೆ ಗತಿಯಿಲ್ಲದೆ ನನ್ನ ಹೂಂನ ಮೇಲೆಯೇ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಇಡೀ ಕತೆ ಮುಗಿಸಿದರು. ನಾನು ಕಚೇರಿಯಲ್ಲಿ ಎಲ್ಲರಿಗೂ ‘ಮಾವನ ಹೊಸ ಆಲ್ಬಂನಲ್ಲಿ ನಾನೂ ಇದ್ದೇನೆ’ ಎಂದು ಹೇಳಿಕೊಂಡು ಓಡಾಡಿದೆ. ಅಧ್ಯಕ್ಷರು ‘ಏನ್ ಹಾಡಿದ್ದೀರಿ?’ ಎಂದು ಕೇಳಿದಾಗ ಮಾತು ಬದಲಾಯಿಸಿದೆ.

ಕಿರಣನಿಗೆ ಮಾತ್ರ ಸಮಾಧಾನ ಇರಲಿಲ್ಲ. ಅವನು ನಮಗಾರಿಗೂ ಹೇಳದೆ, ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ ಅತ್ತೆಯ ಹೂಂಗಳನ್ನು ಆಯ್ದು ತೆಗೆದ. ಬದನೆಕಾಯಿಯ ಹುಳುಕು ತೆಗೆಯುವಂತೆ ನನ್ನ ಹೂಂಗಳನ್ನು ಕತ್ತರಿಸಿ, ಆ ಜಾಗದಲ್ಲಿ ಅತ್ತೆಯ ಹೂಂಗಳನ್ನು ಕೂರಿಸಿದ. ಅದನ್ನು ಹಿಡಿದುಕೊಂಡು ಊರಿಗೇ ಬಂದು, ಜಗುಲಿಯ ಮೇಲೆ ಎಲ್ಲರನ್ನೂ ಕೂರಿಸಿ ಹಾಕಿದ. ನಿಜ ಹೇಳುತ್ತೇನೆ, ಸೊಗಸಾಗಿತ್ತು. ಮಾವನ ಈಗಿನ ಸೊರಗಿದ ಧ್ವನಿ, ಹಿಂದೆ ಅತ್ತೆಯ ಹರೆಯದ ಹೂಂ. ಮಾವ ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದರು. ಅತ್ತೆ ಒಳಗೆ ಅವರೆಕಾಯಿ ಬಿಡಿಸುತ್ತಿದ್ದವರು ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದರು.

ಕತೆಯಲ್ಲಿ ಒಂದು ಜಾಗ ಇದೆ. ತನ್ನ ತಂಗಿಯ ಚಾಡಿ ನಂಬಿ ಗಂಡ ತುಂಬಿದ ಬಸುರಿ ಕೆಂಚಾಜಮ್ಮನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ‘ಹೊಸಲು ದಾಟೇ ಕೆಂಚಾಜಿ, ನಿನ್ನ ನೆರಳೂ ಉಳಿಬಾರ್ದು ಹಟ್ಟೀಲಿ’ ಎಂಬ ನುಡಿ ಬಂತು. ಹಿಂದೆಯೇ ಹೂಂ ಕೇಳಿಸಿತು.

‘ನಿಲ್ಸಪ್ಪಾ’ ಎಂದರು ಅತ್ತೆ. ‘ಅಲ್ಲಿ ನಾನು ಹೂಂ ಅಂದಿಲ್ಲ.’

ಕಿರಣ ತಡವರಿಸಿದ. ‘ನಿಮ್ದೇ ಧ್ವನಿ ಅಜ್ಜಿ, ಬೇರೆ ಕಡೆಯಿಂದ ತಂದು ಹಾಕಿವ್ನಿ.’

‘ಎಲ್ಲಿಂದಾನಾ ತಾ. ಆ ಮಾತಿಗೆ ನಾನು ಯಾವತ್ತೂ ಹೂಂ ಅಂದೋಳಲ್ಲ. ಬೇಕಾದ್ರೆ ಇವ್ರನ್ನೇ ಕೇಳು.’

ಮಾವ ಮೆಲ್ಲಗೆ ಹೇಳಿದರು, ‘ನಿಜ ಕಣಪ್ಪ. ಆ ಜಾಗದಲ್ಲಿ ಇವ್ಳು ಸುಮ್ನೆ ಕೂತ್ಕಂಬುಡೋಳು. ನಾನು ಎರಡೆರಡು ಸಲ ಹಾಡುದ್ರೂವೆ ಅಷ್ಟೇಯ. ಜನ ಎಲ್ಲ ಇವ್ಳ ಮಖ ನೋಡೋರು. ನಂಗೆ ಆ ಗಂಡನ ತಪ್ಪೆಲ್ಲ ನಾನೇ ಮಾಡ್ದಂಗೆ ಆಗೋದು.’ ಆಮೇಲೆ ಅತ್ತೆಯ ಕಡೆ ತಿರುಗದೆಯೇ ಅಂದರು, ‘ನೀನು ಬರ್ದೇ ಇದ್ರೆ ಇದು ಕತೆ ಆಗಾಕಿಲ್ಲ ಅಮ್ಮೀ. ಕಂಪನಿಯೋರು ನಿನ್ನ ತೊಳ್ದು ಹಾಕಿದ್ದು ನಂಗೂ ಕೇಳ್ಸುತ್ತು. ನಾನು ಸುಮ್ಕಿದ್ದುಬುಟ್ಟೆ.’

ಅತ್ತೆ ಮೊರ ಹಿಡಿದುಕೊಂಡು ಒಳಗೆ ಹೋದರು. ಮುಂದಿನ ವಾರ ಚನ್ನಪಟ್ಟಣದ ಬಸ್ಸಿನಲ್ಲಿ ಮಾವನ ಪಕ್ಕದ ಸೀಟಿನಲ್ಲಿ ಕುಳಿತು ಬಂದರು. ಗಾಜಿನ ಕೋಣೆಯಲ್ಲಿ ನನ್ನ ಕುರ್ಚಿ ಅವರಿಗೆ ಹೋಯಿತು, ನಾನು ಹೊರಗೆ ಕಿರಣನ ಪಕ್ಕ ನಿಂತೆ. ಮಾವ ಕತೆಯನ್ನು ಮೊದಲಿನಿಂದ ಎತ್ತಿಕೊಂಡರು. ಅತ್ತೆಯ ಹೂಂ ಒಂದರಂತೆ ಒಂದು ಇರಲಿಲ್ಲ. ಒಂದು ತೊಟ್ಟಿಲು ತೂಗುವಂತೆ, ಇನ್ನೊಂದು ಗದರಿಸುವಂತೆ. ಹೊಸಲು ದಾಟೇ ಎಂಬ ನುಡಿಗೆ ಬಂದಾಗ ಅವರು ಬಾಯಿ ಮುಚ್ಚಿಕೊಂಡರು. ಮಾವ ಕಾದರು. ನುಡಿಯನ್ನು ಇನ್ನೊಮ್ಮೆ ಹಾಡಿದರು, ಈ ಸಲ ಧ್ವನಿ ಇಳಿಸಿ. ಅತ್ತೆ ನೆಲ ನೋಡುತ್ತಿದ್ದರು. ಮತ್ತೊಮ್ಮೆ ಹಾಡುವಾಗ ಮಾವ ತಂಬೂರಿಯಿಂದ ಬೆರಳು ತೆಗೆದು ಬರಿಯ ದನಿಯಲ್ಲಿ ಹಾಡಿದರು. ಅಷ್ಟು ವರ್ಷ ಅವರ ಹಾಡು ಕೇಳಿದ್ದರೂ ನನ್ನ ಕಣ್ಣಲ್ಲಿ ನೀರು ಬಂದದ್ದು ಅವತ್ತೇ. ಆಗ ಅತ್ತೆ ತಲೆ ಎತ್ತಿ, ‘ಆಮೇಲೆ?’ ಅಂದರು. ಮಾವ ಉಸಿರು ಬಿಟ್ಟು ಮುಂದುವರಿದರು.

ನಡುವಿನ ಆ ಖಾಲಿ ಜಾಗವನ್ನು ಕತ್ತರಿಸಿ ಬಿಡಲೇ ಎಂದು ಕಿರಣ ಕೇಳಿದ್ದಕ್ಕೆ ಮಾವ, ‘ಅದ್ನ ಬುಟ್ಟು ಬೇಕಾದ್ದು ಕತ್ತರಿಸ್ಕೋ’ ಎಂದರು. ಕತ್ತರಿಸಲು ಉಳಿದಿದ್ದುದು ನಾನು, ನನ್ನ ಹೂಂ ಇದ್ದ ಹಳೆಯ ರೆಕಾರ್ಡಿಂಗು. ಆಲ್ಬಂ ಹೊರಗೆ ಬಂತು. ಮೇಲೆ ಇಬ್ಬರ ಫೋಟೋ, ದೀಪ ಇಲ್ಲ, ಹೂವಿನ ಅಂಚೂ ಇಲ್ಲ. ‘ಹಾಡಿದವರು ಚಿಕ್ಕೀರಯ್ಯ, ಹೂಂ ಅಂದವರು ಪುಟ್ಟತಾಯಮ್ಮ’ ಎಂದು ಬರೆದಿದೆ. ನಾನು ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣ ಅಕ್ಷರಗಳನ್ನೆಲ್ಲ ಓದಿದೆ. ಬೇಕರಿಯವನಿಗೂ ಕೃತಜ್ಞತೆ ಇತ್ತು.

ಅವತ್ತು ಊಟಕ್ಕೆ ಕುಳಿತಾಗ ಸುಜಾತಳಿಗೆ ಹೇಳಿದೆ, ‘ನನ್ನ ಹೂಂ ಅಷ್ಟೇನೂ ಕೆಟ್ಟದಾಗಿರಲಿಲ್ಲ, ಅಲ್ವಾ?’ ಅವಳು ಸಾರು ಬಡಿಸುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ, ಸ್ವಲ್ಪ ಧ್ವನಿ ಇಳಿಸಿ. ಅವಳು ತಟ್ಟೆಯನ್ನೇ ನೋಡುತ್ತಿದ್ದಳು. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ತಲೆ ಎತ್ತಿ, ‘ಆಮೇಲೆ?’ ಅಂದಳು. ನಾನು ಇನ್ನೊಂದಿಷ್ಟು ಅನ್ನ ಹಾಕು ಎಂದೆ.