ನನ್ನ ನೋವಿಗೆ ಹತ್ತಕ್ಕೆ ಎಷ್ಟು?

ಅಂಕ ಕೊಡುವುದರಲ್ಲಿ ನಾನು ಮಹಾ ಜಿಪುಣ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆನಡಾದ ವಿಟ್ಬಿ ಊರಿಗೆ ಬಂದು ಸಾಫ್ಟ್‌ವೇರಿಗೆ ಬೀಳುವ ಮೊದಲು ಮೈಸೂರಿನ ಕಾಲೇಜೊಂದರಲ್ಲಿ ಆರು ವರ್ಷ ಗಣಿತ ಕಲಿಸಿದವನು. ಉತ್ತರ ಪೂರ್ತಿ ಸರಿಯಿದ್ದರೂ ಅಕ್ಷರ ದುಂಡಗಿಲ್ಲವೆಂದು ಅರ್ಧ ಅಂಕ ಕಳೆಯುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಸುಮಾ ಮಾಡಿದ ಬಿಸಿಬೇಳೆಬಾತಿಗೆ ಆರೂವರೆ ಕೊಟ್ಟು, ವಾರವಿಡೀ ಬರೀ ಮೊಸರನ್ನ ತಿಂದದ್ದೂ ಉಂಟು.

ಈ ಜಿಪುಣತನ ನನಗೇ ಮುಳುವಾದದ್ದು ಹರ್ನಿಯಾ ಆಪರೇಷನ್ನಿನಲ್ಲಿ. ತೊಡೆಸಂದಿನ ಈ ಆಪರೇಷನ್ ಆದ ಮೇಲೆ ಕೆಲವರಿಗೆ ನೋವು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಉಳಿದುಬಿಡುತ್ತದೆ ಎಂದು ಸರ್ಜನ್ ಮೊದಲೇ ಎಚ್ಚರಿಸಿದ್ದರು. ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಿ, ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ನಡೆಯಿರಿ, ಮುಖ್ಯವಾಗಿ ನೋವನ್ನು ಮುಚ್ಚಿಡಬೇಡಿ ಎಂದಿದ್ದರು. ನಾನು ಜಾಣ ವಿದ್ಯಾರ್ಥಿಯಂತೆ ತಲೆಯಾಡಿಸಿದ್ದೆ. ನನ್ನ ಚಿಂತೆ ಮಾತ್ರ ಬೇರೆಯೇ ಇತ್ತು. ಮಗಳು ಅದಿತಿಯ ಜೊತೆ ಶನಿವಾರದ ಬ್ಯಾಡ್ಮಿಂಟನ್ ಶಾಶ್ವತವಾಗಿ ತಪ್ಪಿಹೋದರೆ?

ಮೂರನೆಯ ದಿನ ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿ, ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರು. ಸೋಫಾದಿಂದ ಏಳಲಾರದೆ, ಸೀನು ಬಂದರೆ ದಿಂಬು ಅವುಚಿಕೊಂಡು ಸಕಲ ದೇವರನ್ನೂ ಕರೆಯುತ್ತಿದ್ದ ನಾನು, ಹಳೆಯ ಅಭ್ಯಾಸಬಲದಿಂದ "ಎರಡು" ಎಂದೆ. ಮೂರು ಕೊಡುವಷ್ಟು ಯೋಗ್ಯತೆ ಆ ನೋವಿಗೆ ಇದೆ ಎನ್ನಿಸಲಿಲ್ಲ. ಆಕೆ "ವಂಡರ್‌ಫುಲ್!" ಎಂದಾಗ ಹೆಮ್ಮೆಯಿಂದ ಉಬ್ಬಿಹೋದೆ. ಎರಡೇ ಅಂಕದ ನೋವಿಗೆ ಮಾತ್ರೆ ಯಾಕೆಂದು ಅದನ್ನೂ ನಿಲ್ಲಿಸಿದೆ. ನೋವು ಏರಿತು; ಹೆದರಿಕೊಂಡು ನಡಿಗೆ ಬಿಟ್ಟೆ; ಮೈ ಮರಗಟ್ಟಿತು.

ಐದನೆಯ ದಿನ ಸುಮಾ ತಾನೇ ಕ್ಲಿನಿಕ್ಕಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು.

"ರೀ, ನಿಜ ಹೇಳಿ. ವಾಶ್‌ರೂಮಿಗೆ ಹೋಗೋಕೆ ಗೋಡೆ ಹಿಡ್ಕೋತೀರ. ಇದು ಎರಡಾ?"

"ಮೂರೂವರೆ ಮಾಡೋಣ ಬಿಡೇ."

"ಅಪ್ಪಾ, ಯು ಆರ್ ನಾಟ್ ಗ್ರೇಡಿಂಗ್ ಇಟ್!" ಎಂದು ಅದಿತಿ ತಲೆ ಚಚ್ಚಿಕೊಂಡಳು.

"ಏಳು" ಎಂದುಬಿಟ್ಟೆ. ಹೇಳಿದ್ದೇ ತಡ, ಕಣ್ಣಲ್ಲಿ ನೀರು ಬಂತು. ಅಂದೇ ಕರೆಸಿಕೊಂಡ ಸರ್ಜನ್ ಪರೀಕ್ಷೆ ಮಾಡಿ, ಮಾತ್ರೆ ಬದಲಿಸಿ, ನಯವಾಗಿಯೇ ಗದರಿದರು. ಆಮೇಲೆ ಸುಮಾ ಅಲಾರಂ ಇಟ್ಟು ಮಾತ್ರೆ ನುಂಗಿಸಿದಳು, ಹೊರಗೆ ಹಿಮವೆಂದು ಮಾಲ್‌ನಲ್ಲಿ ದಿನಾ ಕೈಹಿಡಿದು ನಡೆಸಿದಳು. ಮದುವೆಯಾದ ಹೊಸದರಲ್ಲೂ ನಾವು ಹಾಗೆ ಸುತ್ತಿರಲಿಲ್ಲ. ನನಗಂತೂ ಬಹಳ ಖುಷಿಯಾಯಿತು.

ಮೂರು ತಿಂಗಳ ಮೇಲೆ ಸರ್ಜನ್ ಮತ್ತೆ ಅದೇ ಪ್ರಶ್ನೆ ಕೇಳಿದರು. ಬಗ್ಗಿ ನೋಡಿದೆ, ಕೆಮ್ಮಿ ನೋಡಿದೆ, ಒಂಟಿಕಾಲಲ್ಲಿ ನಿಂತೂ ನೋಡಿದೆ. ಸುಳಿವೇ ಇಲ್ಲ! "ಝೀರೋ!" ಎಂದು ಕೂಗಿದೆ. ಇನ್ನು ಯಾವ ಕೆಲಸ ಬೇಕಾದರೂ ಮಾಡಬಹುದು ಎಂದರು ಸರ್ಜನ್. ಪಕ್ಕದಲ್ಲಿದ್ದ ಸುಮಾ ಅದನ್ನು ಬಹಳ ಗಮನವಿಟ್ಟು ಕೇಳಿಸಿಕೊಂಡಳು.

ಮನೆಗೆ ಬಂದರೆ ಡ್ರೈವ್‌ವೇ ತುಂಬ ಹಿಮ. ಚಳಿಗಾಲವಿಡೀ ಅದನ್ನು ಎತ್ತಿದ್ದ ಸುಮಾ ನಗುನಗುತ್ತಾ ಸಲಿಕೆಯನ್ನು ನನ್ನ ಕೈಗಿಟ್ಟು, "ನಿಧಾನಕ್ಕೆ ಮಾಡಿ, ನಾನು ಕಾಫಿ ಮಾಡ್ತೀನಿ" ಎಂದು ಒಳಗೆ ಹೋದಳು. ನೋವಿದ್ದಾಗ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ನನಗೆ, ನೋವಿಲ್ಲದಾಗ ಒಂದು ಸಣ್ಣ ಸುಳ್ಳೂ ಯಾಕೆ ಹೊಳೆಯಲಿಲ್ಲವೋ ಎಂದು ಯೋಚಿಸುತ್ತಾ ಹಿಮ ಎತ್ತತೊಡಗಿದೆ.